ಹವೇಲಿಯ ಹೆಂಡತಿ, ಐವತ್ತು ವರ್ಷಗಳ ನಂತರ



ಹಿಂದಿನ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹಳೆಯ ಹಿಂದಿ ಚಿತ್ರಗಳ ವಿಷಯ ಬಂದಾಗ, ಮಾತಿನ ನಡುವೆ ‘ಸಾಹೇಬ್ ಬೀವಿ ಔರ್ ಗ್ಯಾಂಗ್‌ಸ್ಟರ್ ರಿಟರ್ನ್ಸ್’ ಒಂದು ಸಲ ನೋಡಬೇಕಾದ ಚಿತ್ರ ಎಂದುಬಿಟ್ಟೆ. ಒಂದೇ ಒಂದು ವಾಕ್ಯ. ಅದಕ್ಕೆ ಎರಡು ಪತ್ರಗಳು ಬಂದವು. ಒಂದು ಮುಲುಂಡಿನಿಂದ. ‘ಹಾಸಿಗೆ ದೃಶ್ಯಗಳಿರುವ ಗೂಂಡಾ ಚಿತ್ರವನ್ನು, ಮನೆಮಂದಿಯೆಲ್ಲ ಕೂತು ಕೇಳುವ ಹೊತ್ತಿನಲ್ಲಿ ಹೊಗಳುವುದು ನಿಮಗೆ ಶೋಭೆಯೇ?’ ಎಂದು ಹಿರಿಯರೊಬ್ಬರು ಕೇಳಿದ್ದರು. ಇನ್ನೊಂದು ಡೊಂಬಿವಲಿಯಿಂದ ಬಂದದ್ದು. ಅದರ ವಿಷಯ ಆಮೇಲೆ ಹೇಳುತ್ತೇನೆ. ಈ ಭಾಷಣ ಮುಲುಂಡಿನ ಹಿರಿಯರಿಗೆ ಉತ್ತರ ಎಂದೇ ಶುರುವಾಯಿತು.

ಈ ಚಿತ್ರ ಬಿಡುಗಡೆಯಾದದ್ದು 2013ರ ಮಾರ್ಚ್ 8ರಂದು. ಶುಕ್ರವಾರ, ಜೊತೆಗೆ ಮಹಿಳಾ ದಿನ. ನಾನಾಗ ಕನ್ನಡ ಬಿ.ಎ. ಮುಗಿಸಿ ಮುಂಬಯಿಗೆ ಬಂದು ವರ್ಷ ತುಂಬಿರಲಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆಲ್ಲ ಒಂದೊಂದು ಗುಲಾಬಿ ಕೊಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಾಸ್ಟೆಲಿನ ಗೆಳತಿಯ ಜೊತೆ ಸಂಜೆಯ ಆಟಕ್ಕೆ ಹೋದೆ. ಥಿಯೇಟರಿನಲ್ಲಿ ಹೆಂಗಸರು ಎಂದರೆ ನಾವಿಬ್ಬರು ಮತ್ತು ಗಂಡನ ಜೊತೆ ಬಂದಿದ್ದ ಒಬ್ಬಾಕೆ. ಉಳಿದವರು ಪೋಸ್ಟರ್ ನೋಡಿ ಬಂದವರು ಎಂದು ಅವರ ಸಿಳ್ಳೆಯಿಂದಲೇ ಗೊತ್ತಾಗುತ್ತಿತ್ತು.

ಆ ಕಾಲದ ‘ಎರಡನೇ ಭಾಗ’ಗಳ ಮೇಲೆ ಯಾರಿಗೂ ದೊಡ್ಡ ನಂಬಿಕೆ ಇರಲಿಲ್ಲ, ನೆನಪಿಸಿಕೊಳ್ಳಿ. 2011ರಲ್ಲಿ ‘ಮರ್ಡರ್ 2’ ಬಂತು, 2012ರಲ್ಲಿ ‘ಜಿಸ್ಮ್ 2’ ಬಂತು. ಹೆಸರು ಮಾತ್ರ ಹಳೆಯದು. ಕಥೆ ಬೇರೆ, ಪಾತ್ರಗಳು ಬೇರೆ. ಅಂಗಡಿಯ ಬೋರ್ಡು ಹಾಗೇ ಇಟ್ಟು ಒಳಗೆ ಬೇರೆ ಸರಕು ತುಂಬಿದ ಹಾಗೆ. ತಿಗ್ಮಾಂಶು ಧೂಲಿಯಾ ಹಾಗೆ ಮಾಡಲಿಲ್ಲ. 2011ರ ಮೊದಲ ಚಿತ್ರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊರಟರು. ಅದೇ ಹವೇಲಿ, ಅದೇ ಗಂಡ, ಅದೇ ಹೆಂಡತಿ. ಬದಲಾದವನು ಗ್ಯಾಂಗ್‌ಸ್ಟರ್ ಒಬ್ಬನೇ. ಆ ಮನೆಗೆ ಗ್ಯಾಂಗ್‌ಸ್ಟರ್ ಎಂದರೆ ಬಾಡಿಗೆದಾರ, ಬರುತ್ತಾನೆ, ಹೋಗುತ್ತಾನೆ.

ಮುಂಬಯಿಯವರಾದ ನಮಗೆ ಗ್ಯಾಂಗ್‌ಸ್ಟರ್ ಎಂದ ಕೂಡಲೇ ಡೋಂಗ್ರಿಯ ಗಲ್ಲಿ, ಚಾಳಿನ ಮೆಟ್ಟಿಲು, ‘ಸತ್ಯ’ ಚಿತ್ರದ ಭಿಕೂ ಮ್ಹಾತ್ರೆ ಕಣ್ಣಮುಂದೆ ಬರುತ್ತಾರೆ. ಏನೂ ಇಲ್ಲದವನು ಪಿಸ್ತೂಲು ಹಿಡಿದು ಮೇಲೆ ಬರುವ ಕಥೆ ಅದು. ಉತ್ತರ ಪ್ರದೇಶದ ಈ ಕಥೆ ತಿರುವುಮುರುವು. ಇಲ್ಲಿ ಎಲ್ಲವೂ ಇದ್ದವನು ಕಳೆದುಕೊಳ್ಳದಿರಲು ಪಿಸ್ತೂಲು ಹಿಡಿಯುತ್ತಾನೆ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ ರಾಜರ ಬಿರುದುಗಳೂ ರಾಜಧನವೂ ಹೋದವು. ಅರಮನೆಯ ಛಾವಣಿ ಸೋರುವುದು, ಆಳುಗಳ ಸಂಬಳ, ಅತಿಥಿಗಳ ಊಟ ಇವು ಮಾತ್ರ ನಿಲ್ಲಲಿಲ್ಲ. ಕೆಲವರು ಅರಮನೆಯನ್ನು ಹೋಟೆಲು ಮಾಡಿದರು, ಕೆಲವರು ಚುನಾವಣೆಗೆ ನಿಂತರು. ಧೂಲಿಯಾ ಕಟ್ಟಿದ ಸಾಹೇಬ ಆದಿತ್ಯ ಪ್ರತಾಪ್ ಸಿಂಗ್ ಹಿಡಿದದ್ದು ಸರ್ಕಾರಿ ಗುತ್ತಿಗೆಯ ದಾರಿ. ಟೆಂಡರು ತನಗೇ ಸಿಗಬೇಕು, ಎದುರಾಳಿ ಅರ್ಜಿ ಹಾಕಬಾರದು, ಹಾಕಿದರೆ ಬದುಕಬಾರದು. ಮಾಫಿಯಾ ಎನ್ನುವುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಬೇರೆ ಕಡೆ ಸಿಕ್ಕಿಲ್ಲ. ಜಿಮ್ಮಿ ಶೇರ್ಗಿಲ್ ಈ ಪಾತ್ರದಲ್ಲಿ ದನಿ ಏರಿಸುವುದು ಅಪರೂಪ. ಸಾಲಗಾರನಾಗಿಯೂ ಗತ್ತು ಬಿಡದ ಮನುಷ್ಯರನ್ನು ನೀವು ಕಂಡಿದ್ದರೆ ತಕ್ಷಣ ಗುರುತು ಹಿಡಿಯುತ್ತೀರಿ.

ಮೊದಲ ಭಾಗದಲ್ಲಿ ಎದುರಾಳಿ ಕಡೆಯವರು ಬಬ್ಲೂ ಎಂಬ ಯುವಕನನ್ನು ಡ್ರೈವರನ ವೇಷದಲ್ಲಿ ಹವೇಲಿಯೊಳಗೆ ಬಿಡುತ್ತಾರೆ. ರಣದೀಪ್ ಹೂಡಾ ಆ ಪಾತ್ರ ಮಾಡಿದ್ದರು. ಸಾಹೇಬನಿಗೆ ಹೊರಗೆ ಬೇರೊಬ್ಬಳು ಇದ್ದಾಳೆ. ಹೆಂಡತಿ ಮಾಧವಿ ಒಳಗೆ ಒಂಟಿ. ಡ್ರೈವರನಿಗೂ ಮಾಧವಿಗೂ ಸಂಬಂಧ ಬೆಳೆಯುತ್ತದೆ. ಕೊನೆಗೆ ಬಬ್ಲೂ ಉಳಿಯುವುದಿಲ್ಲ, ಸಾಹೇಬ ಗಾಲಿಕುರ್ಚಿಗೆ ಬೀಳುತ್ತಾನೆ, ಮಾಧವಿ ಶಾಸಕಿಯಾಗುತ್ತಾಳೆ.

ಎರಡನೆಯ ಭಾಗ ತೆರೆಯುವಾಗ ಗಂಡನ ಕಾಲು ಓಡಾಡುವುದಿಲ್ಲ, ಹೆಂಡತಿಯ ಕೈಯಿಂದ ಗ್ಲಾಸು ಇಳಿಯುವುದಿಲ್ಲ. ಸಾಹೇಬನಿಗೆ ಇನ್ನೊಂದು ಮದುವೆಯ ಹಟ ಹಿಡಿದಿದೆ. ಮತ್ತೊಂದು ರಾಜಮನೆತನದ ಹುಡುಗಿ ರಂಜನಾ, ಅಂದರೆ ಸೋಹಾ ಅಲಿ ಖಾನ್, ಆತನ ಕಣ್ಣಿಗೆ ಬಿದ್ದಿದ್ದಾಳೆ. ಅವಳ ತಂದೆಯನ್ನು ಒತ್ತಡಕ್ಕೆ ಸಿಕ್ಕಿಸಿ ಒಪ್ಪಿಸುತ್ತಾನೆ. ರಂಜನಾ ಪ್ರೀತಿಸುತ್ತಿರುವುದು ಇಂದ್ರಜೀತ್ ಸಿಂಗ್‌ನನ್ನು. ಇಂದ್ರಜೀತನ ಮನೆತನವನ್ನು ಹಾಳುಮಾಡಿದವರು ಇದೇ ಸಾಹೇಬನ ಹಿರಿಯರು. ಹುಡುಗಿಯನ್ನು ಬಿಡಿಸಿಕೊಳ್ಳಬೇಕು, ಹಗೆಯನ್ನೂ ತೀರಿಸಬೇಕು. ಅದಕ್ಕೆ ಅವನು ಆರಿಸಿಕೊಳ್ಳುವ ಬಾಗಿಲು ಮಾಧವಿಯ ಕೋಣೆ. ಇಂದ್ರಜೀತ್ ಆಗಿ ನಟಿಸಿದವರು ಇರ್ಫಾನ್ ಖಾನ್. ಧೂಲಿಯಾರ 2003ರ ‘ಹಾಸಿಲ್’ ಚಿತ್ರದಲ್ಲಿ ಜಿಮ್ಮಿ ನಾಯಕ, ಇರ್ಫಾನ್ ಖಳ. ಹತ್ತು ವರ್ಷಕ್ಕೆ ಅದೇ ಇಬ್ಬರು ಮತ್ತೆ ಎದುರುಬದುರು. ಈ ಸಲ ಯಾರು ಖಳ ಎಂದು ಹೇಳುವುದು ಕಷ್ಟ.

ಮುಂದೇನಾಗುತ್ತದೆ ಎಂದು ನಾನು ಹೇಳುವುದಿಲ್ಲ. ನೋಡದವರು ಬೈದಾರು.

ಈಗ ಮುಲುಂಡಿನ ಹಿರಿಯರ ಹಾಸಿಗೆ ದೃಶ್ಯಗಳಿಗೆ ಬರೋಣ. ಇವೆ. ಇಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಆ ದೃಶ್ಯಗಳಲ್ಲಿ ಪ್ರಣಯ ಎಷ್ಟಿದೆ ಎಂದು ನೋಡಿದರೆ, ಬಹಳ ಕಡಿಮೆ. ಜಮೀನು ಅಡವಿಟ್ಟಾಗಿದೆ, ಮಾತಿಗೆ ಬೆಲೆ ಹೋಗಿದೆ, ಬಿರುದನ್ನು ಸರ್ಕಾರವೇ ಕಿತ್ತುಕೊಂಡಿದೆ. ಕೊಟ್ಟು ತೆಗೆದುಕೊಳ್ಳಲು ಆ ಮನೆಯಲ್ಲಿ ಉಳಿದಿರುವುದು ಮೈಯೊಂದೇ. ಇಂದ್ರಜೀತ್ ಮಾಧವಿಯ ಬಳಿ ಬರುವುದು ಸೇಡಿನ ಸಲುವಾಗಿ. ಸಾಹೇಬ ರಂಜನಾಳನ್ನು ಬಯಸುವುದರಲ್ಲಿ ಸೋತ ಕಾಲಿನ ಸಿಟ್ಟಿದೆ. ಒಬ್ಬೊಬ್ಬರಿಗೂ ಒಂದೊಂದು ಲೆಕ್ಕ. ಲೆಕ್ಕ ಇಟ್ಟುಕೊಳ್ಳಲು ಬಾರದವಳು ಮಾಧವಿ ಒಬ್ಬಳೇ. ಯಾರಾದರೂ ತನ್ನ ಜೊತೆ ಒಂದಿಷ್ಟು ಹೊತ್ತು ಕೂತಾರೆಯೇ ಎಂಬುದಷ್ಟೇ ಅವಳಿಗೆ ಬೇಕು. ಅದಕ್ಕೇ ಅವಳಿಗೆ ಆಗುವ ದ್ರೋಹ ನಮಗೆ ತಾಗುತ್ತದೆ, ಅದಕ್ಕೇ ಅವಳು ಎಲ್ಲರಿಗಿಂತ ಅಪಾಯಕಾರಿ. ಮಾಹಿ ಗಿಲ್ ಕುಡಿದ ಹೆಂಗಸಿನ ಪಾತ್ರವನ್ನು ತಮಾಷೆಯಾಗಿಸದೆ ಮಾಡಿದ್ದಾರೆ. ನಮ್ಮ ಸಿನಿಮಾಗಳಲ್ಲಿ ಅದು ಸಣ್ಣ ಕೆಲಸವಲ್ಲ. ಸಿಳ್ಳೆ ಹೊಡೆಯುತ್ತಿದ್ದವರು ಅವಳೊಬ್ಬಳೇ ಕೂತು ಕುಡಿಯುವ ದೃಶ್ಯಗಳು ಬಂದಾಗ ಸುಮ್ಮನಾಗುತ್ತಿದ್ದರು. ಗೆಳತಿ ನನ್ನ ಕಿವಿಯಲ್ಲಿ, ‘ಇವಳನ್ನು ಎಲ್ಲೋ ನೋಡಿದ್ದೇನೆ ಕಣೇ’ ಅಂದಳು.

ನೋಡಿದ್ದು ನಿಜ. ಚಿತ್ರದ ಹೆಸರೇ ಅದನ್ನು ಹೇಳುತ್ತದೆ. ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯಿಂದ 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂದಿತ್ತು. ನಿರ್ದೇಶನ ಅಬ್ರಾರ್ ಅಲ್ವಿ, ನಿರ್ಮಾಣ ಗುರುದತ್. ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆಯವರ ಹುಡುಗ ಗುರುದತ್ ನಮ್ಮವರೆಂದು ನಾವು ಆಗಾಗ ಹೆಮ್ಮೆಪಡುತ್ತೇವೆ. ನನ್ನ ಹೆಮ್ಮೆ ಇನ್ನೊಬ್ಬರ ಮೇಲೆ ಸ್ವಲ್ಪ ಹೆಚ್ಚು. ಆ ಚಿತ್ರದ ಛಾಯಾಗ್ರಾಹಕ ವಿ. ಕೆ. ಮೂರ್ತಿ, ಮೈಸೂರಿನವರು. ಒಂದು ನೃತ್ಯದಲ್ಲಿ ಮುಂದೆ ಕುಣಿಯುವಾಕೆಯ ಮೇಲೆ ಮಾತ್ರ ಬೆಳಕು. ಹಿಂದಿನ ನರ್ತಕಿಯರು ಪೂರ್ತಿ ನೆರಳು. ಅವರ ಮುಖವೇ ಕಾಣುವುದಿಲ್ಲ. ಸಾಹೇಬರ ಮಹಫಿಲಿನಲ್ಲಿ ಯಾರಿಗೆ ಮುಖ ಇರುತ್ತದೆ, ಯಾರಿಗೆ ಇರುವುದಿಲ್ಲ ಎಂಬುದನ್ನು ಮೂರ್ತಿಯವರು ದೀಪದಲ್ಲೇ ಹೇಳಿಬಿಟ್ಟರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಆ ಚಿತ್ರದ ಹೆಂಡತಿ ಮೀನಾ ಕುಮಾರಿ. ಎಲ್ಲರೂ ಆಕೆಯನ್ನು ‘ಛೋಟಿ ಬಹೂ’ ಎಂದೇ ಕರೆಯುತ್ತಾರೆ, ಅಂದರೆ ಚಿಕ್ಕ ಸೊಸೆ. ಗಂಡ ರಾತ್ರಿ ಕಳೆಯುವುದು ನರ್ತಕಿಯ ಮನೆಯಲ್ಲಿ. ಅವನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವಳು ಮೊದಲು ಭೂತನಾಥನ ಕೈಯಿಂದ ಸಿಂಧೂರ ತರಿಸುತ್ತಾಳೆ, ಆಮೇಲೆ ಗಂಡನ ಮಾತಿಗೆ ಕುಡಿಯಲು ಕಲಿಯುತ್ತಾಳೆ. ಗಂಡ ಕೊನೆಗೆ ಹಾಸಿಗೆ ಹಿಡಿಯುತ್ತಾನೆ. ಅವಳ ಕುಡಿತ ಮಾತ್ರ ಉಳಿಯುತ್ತದೆ. ಆ ಗಂಡನ ಒಳಿತಿಗೆಂದೇ ಭೂತನಾಥನ ಜೊತೆ ಗಾಡಿಯಲ್ಲಿ ಹೊರಟವಳನ್ನು ಮನೆಯವರೇ ದಾರಿಯಲ್ಲಿ ಕೊಲ್ಲಿಸುತ್ತಾರೆ. ವರ್ಷಗಳ ಮೇಲೆ ಹಾಳು ಹವೇಲಿ ಕೆಡಹುವಾಗ ಮಣ್ಣಿನಲ್ಲಿ ಅವಳ ಎಲುಬು ಸಿಗುತ್ತದೆ, ಕೈಯ ಬಳೆಯ ಜೊತೆ. ಗೂಂಡಾಗಿರಿ ಬಂಗಲೆಯೊಳಗೆ ಹೊಸದಾಗಿ ಬಂದದ್ದಲ್ಲ, ನೋಡಿ. ಆಗ ಅದಕ್ಕೆ ಮನೆತನದ ಮರ್ಯಾದೆ ಎಂಬ ಹೆಸರಿತ್ತು.

ಇನ್ನೊಂದು ವಿಷಯ ಮುಲುಂಡಿನ ಹಿರಿಯರಿಗೆ ವಿಶೇಷವಾಗಿ. ಆ ಗಾಡಿಯ ಪ್ರಯಾಣದಲ್ಲಿ ಛೋಟಿ ಬಹೂ ಭೂತನಾಥನ ತೊಡೆಯ ಮೇಲೆ ತಲೆ ಇಡುವ ದೃಶ್ಯವೊಂದಿತ್ತಂತೆ. ಚಿತ್ರ ತೆರೆಕಂಡ ಮೇಲೆ ಪ್ರೇಕ್ಷಕರು ಸಹಿಸಲಿಲ್ಲವೆಂದು ಅದನ್ನು ತೆಗೆದುಹಾಕಿದರು ಎನ್ನುತ್ತಾರೆ. ಗಂಡ ಮನೆಯ ಹೊರಗೆ ರಾತ್ರಿ ಕಳೆಯುವುದನ್ನು ಇಡೀ ಚಿತ್ರದುದ್ದಕ್ಕೂ ಸಹಿಸಿದ ಅದೇ ಪ್ರೇಕ್ಷಕರು! ಸೋತುಹೋದ ಒಬ್ಬ ಹೆಂಗಸು ತಲೆ ಒರಗಿಸಿದ್ದು ಅವರಿಗೆ ಅಶ್ಲೀಲ ಕಂಡಿತು. ಧೂಲಿಯಾರ ಚಿತ್ರದಲ್ಲಿ ಮಾಧವಿ ತಲೆ ಒರಗಿಸುವುದಲ್ಲ, ಎಲ್ಲ ಗೆರೆಗಳನ್ನೂ ದಾಟುತ್ತಾಳೆ. ಕೈಗೆ ಬಂದೂಕು, ಕಾರಿಗೆ ಕೆಂಪು ದೀಪ, ಸದನದಲ್ಲಿ ಕುರ್ಚಿ ಎಲ್ಲ ಸಿಗುತ್ತವೆ. ಛೋಟಿ ಬಹೂಗೆ ಸಿಗದಿದ್ದ ಆ ಒಂದು ಭುಜ ಇವಳಿಗೂ ಸಿಗುವುದಿಲ್ಲ. ಚಿತ್ರ ಮುಗಿದ ಮೇಲೆ ನನ್ನ ಗುಲಾಬಿ ಬಾಡಿತ್ತು. ಅದನ್ನು ಲೋಕಲ್ ಟ್ರೇನಿನ ಸೀಟಿನ ಮೇಲೇ ಬಿಟ್ಟು ಇಳಿದೆ.

ಚಿತ್ರದಲ್ಲಿ ದೋಷಗಳಿಲ್ಲ ಎಂದಲ್ಲ. ರಾಜಕೀಯದ ಎಳೆಗಳು ಸಿಕ್ಕುಸಿಕ್ಕಾಗಿವೆ, ಎಲ್ಲರ ಬಾಯಲ್ಲೂ ಪಂಚಿಂಗ್ ಡೈಲಾಗು. ಮೊದಲ ಭಾಗಕ್ಕಿದ್ದ ಬಿಗಿ ಇದಕ್ಕಿಲ್ಲ ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. 2018ರಲ್ಲಿ ಸಂಜಯ್ ದತ್ತರನ್ನು ಹಾಕಿಕೊಂಡು ಬಂದ ಮೂರನೆಯ ಭಾಗದ ಬಗ್ಗೆ ಮಾತು ಬೇಡ. ಆದರೂ 2020ರಲ್ಲಿ ಇರ್ಫಾನ್ ತೀರಿಕೊಂಡಾಗ, ಎಲ್ಲರೂ ‘ಪಾನ್ ಸಿಂಗ್ ತೋಮರ್’ ನೆನೆದರೆ ನಾನು ಮನೆಯಲ್ಲಿ ಈ ಚಿತ್ರ ಹಾಕಿ ನೋಡಿದೆ. ಸುಳ್ಳು ಪ್ರೀತಿ ಹೇಳಿಕೊಳ್ಳುವಾಗ ಅವರ ಕಣ್ಣಿನಲ್ಲಿ ಒಂದು ನಾಚಿಕೆ ಇದೆ. 2013ರಲ್ಲಿ ನನಗದು ಕಂಡಿರಲಿಲ್ಲ.

ಇನ್ನು ಡೊಂಬಿವಲಿಯ ಪತ್ರ. ಬರೆದವರು ಅರವತ್ತು ದಾಟಿದ ಗೃಹಿಣಿ. ಹೆಸರು ಹೇಳಬೇಡಿ ಎಂದಿದ್ದಾರೆ, ಪತ್ರ ಓದಲು ಒಪ್ಪಿಗೆ ಕೊಟ್ಟಿದ್ದಾರೆ. ಮೊಮ್ಮಗನ ಮೊಬೈಲಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ನಾನು ಹೇಳಿದ ಆ ಚಿತ್ರವನ್ನು ನೋಡಿದರಂತೆ. ‘ನಮ್ಮ ಯಜಮಾನರು ಒಳ್ಳೆಯವರು, ಯಾವ ಕೆಟ್ಟ ಚಟವೂ ಇಲ್ಲ. ಆದರೆ ನಲವತ್ತೊಂದು ವರ್ಷದಲ್ಲಿ ಊಟಕ್ಕೆ ಕೂತಾಗ ನನ್ನ ಜೊತೆ ಆಡಿದ ಮಾತು ಲೆಕ್ಕಕ್ಕೆ ಸಿಗುವಷ್ಟು. ಆ ಹುಡುಗಿ ಯಾಕೆ ಕುಡಿಯುತ್ತಾಳೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ರೇಡಿಯೋ ಹಚ್ಚಿದೆ, ಅಷ್ಟೇ ವ್ಯತ್ಯಾಸ. ಇದನ್ನು ಕಾರ್ಯಕ್ರಮದಲ್ಲಿ ಓದಿದರೆ ಓದಿ. ಅವರು ಆ ಹೊತ್ತಿನಲ್ಲಿ ವಾಕಿಂಗ್ ಹೋಗಿರುತ್ತಾರೆ.’

ಓದಿದೆ, ಅಮ್ಮಾ. ನೀವು ಕೇಳಿದ ಹಾಡನ್ನೂ ಅದರ ಹಿಂದೆಯೇ ಹಾಕಿದೆ.