ವಾಹನದ ಮಾರ್ಪಾಡು, ವಿಮೆಯ ಸತ್ಯ ಮತ್ತು ನಮ್ಮ ಹೊಣೆ

(ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ವಾಹನ ಮಾಲಕರು, ಚಾಲಕರು ಮತ್ತು ಅವರ ಕುಟುಂಬದವರಿಗಾಗಿ ಏರ್ಪಡಿಸಲಾದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ಕಾಲದಲ್ಲಿ ಈ ಊರಿನವರು ಹಂಪಿಗೆ ಹೋಗಬೇಕಾದರೆ ಹರಿಗೋಲನ್ನು ಕಾಯುತ್ತಿದ್ದರು. ಹರಿಗೋಲಿನವನು ಎಷ್ಟು ಜನರನ್ನು ಹತ್ತಿಸಬೇಕು, ಹೊಳೆ ತುಂಬಿದಾಗ ಯಾವಾಗ ನಿಲ್ಲಿಸಬೇಕು ಎಂಬುದನ್ನು ಅರಿತಿದ್ದ. ಆ ಅರಿವೇ ಪ್ರಯಾಣಿಕರ ಪಾಲಿನ ವಿಮೆಯಾಗಿತ್ತು. ಇಂದು ಕಡೇಬಾಗಿಲಿನ ಬಳಿ ಸೇತುವೆಯಿದೆ. ಅಂಜನಾದ್ರಿಗೆ, ಸಣಾಪುರದ ಕೆರೆಗೆ ಬರುವ ಕಾರುಗಳ ಸಾಲು ರಜಾ ದಿನಗಳಲ್ಲಿ ಮುಗಿಯುವುದೇ ಇಲ್ಲ. ನಮ್ಮ ಅನೇಕ ಯುವಕರ ಅನ್ನ ಈ ವಾಹನಗಳಿಂದಲೇ ನಡೆಯುತ್ತದೆ. ಆದುದರಿಂದ, ನಾವು ಮನೆಗಳಲ್ಲಿ ಅಷ್ಟಾಗಿ ಚರ್ಚಿಸದ ಒಂದು ವಿಷಯವನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಕಾರಿನ ಶಕ್ತಿ, ಸದ್ದು ಮತ್ತು ರೂಪವನ್ನು ಬದಲಾಯಿಸಿದ ಮೇಲೆ ಅದರ ವಿಮೆಗೆ ಏನಾಗುತ್ತದೆ?

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಘಟನೆಯನ್ನು ಹೇಳುತ್ತೇನೆ. ನನ್ನ ಸೋದರಮಾವನ ಮಗ ಬ್ಯಾಂಕಿನಿಂದ ಸಾಲ ಪಡೆದು ಒಂದು ಹಳೆಯ ಕಾರನ್ನು ಕೊಂಡ. ಅಗಲವಾದ ಟೈರು, ಹೊಳೆಯುವ ಅಲಾಯ್ ಚಕ್ರ, ಗುಡುಗುವ ಸೈಲೆನ್ಸರ್. ಮಾರಿದವನು 'ಇಂಜಿನ್ ಕೂಡಾ ಸ್ವಲ್ಪ ಟ್ಯೂನ್ ಮಾಡಿಸಿದ್ದೇನೆ' ಎಂದು ಹೆಮ್ಮೆಯಿಂದ ಹೇಳಿದ್ದ. ವಿಮೆಯ ಅರ್ಜಿಯನ್ನು ಏಜೆಂಟರೇ ತುಂಬಿದರು. ವಾಹನದಲ್ಲಿ ಮಾರ್ಪಾಡುಗಳಿವೆಯೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆಯಲಾಯಿತು. ಇವನು ಓದದೆ ಸಹಿ ಹಾಕಿದ. ಎಂಟು ತಿಂಗಳ ನಂತರ, ಸಂಜೆಯ ಹೊತ್ತು, ಭತ್ತದ ಕಟಾವು ಮುಗಿಸಿ ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದ ಕೂಲಿ ಮಹಿಳೆಯೋರ್ವರಿಗೆ ಆ ಕಾರು ಬಡಿದು ಗದ್ದೆಗೆ ಉರುಳಿತು. ಅವರ ಕಾಲು ಮುರಿಯಿತು. ಕಾರು ನುಜ್ಜುಗುಜ್ಜಾಯಿತು. ಸರ್ವೇಯರ್ ಬಂದು ಚಿತ್ರ ತೆಗೆದುಕೊಂಡು ಹೋದರು. ಕೆಲವು ವಾರಗಳ ಬಳಿಕ ಪತ್ರ ಬಂತು: ಮಹತ್ವದ ಸಂಗತಿಯನ್ನು ಮರೆಮಾಚಲಾಗಿದೆ, ಆದ್ದರಿಂದ ಪರಿಹಾರವಿಲ್ಲ. ಗುಜರಿಗೆ ಹೋದ ಕಾರಿನ ಸಾಲದ ಕಂತನ್ನು ಅವನು ಮೂರು ವರ್ಷ ಕಟ್ಟಿದ.

ಅದು ಅವನ ನಷ್ಟ, ಅವನು ಅನುಭವಿಸಿದ. ಆದರೆ ಆ ಕೂಲಿ ಮಹಿಳೆ ಮಾಡಿದ ತಪ್ಪೇನು? ಪಾಲಿಸಿಯೇ ಅಸಿಂಧು ಎಂದು ಕಂಪೆನಿಯು ನ್ಯಾಯಮಂಡಳಿಯಲ್ಲೂ ವಾದಿಸಿದ್ದರಿಂದ ಅವರ ಪರಿಹಾರದ ಹಣ ಎರಡು ವರ್ಷ ತಡವಾಯಿತು. ಕೊನೆಗೆ ಹಣ ಬಂತು, ನಿಜ. ಆ ಎರಡು ವರ್ಷ ಆ ಮನೆಯ ಒಲೆ ಹೇಗೆ ಉರಿಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಬಗೆಯ ವಿಮೆ

ನಮ್ಮ ಜನರು 'ಥರ್ಡ್ ಪಾರ್ಟಿ', 'ಫುಲ್ ಇನ್ಶೂರೆನ್ಸ್' ಎಂಬ ಎರಡು ಪದಗಳನ್ನು ಬಳಸುತ್ತಾರೆ. ಮೊದಲನೆಯದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ. ನಮ್ಮ ವಾಹನದಿಂದ ಇತರರ ಪ್ರಾಣಕ್ಕೆ, ದೇಹಕ್ಕೆ, ಸೊತ್ತಿಗೆ ಆಗುವ ಹಾನಿಯನ್ನು ಅದು ಭರಿಸುತ್ತದೆ. ನಮ್ಮ ಕಾರಿಗೆ ಆದ ಹಾನಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ಎರಡನೆಯದು ನಮ್ಮ ಸ್ವಂತ ವಾಹನದ ಹಾನಿಯನ್ನೂ ಒಳಗೊಳ್ಳುವ ಐಚ್ಛಿಕ ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷದ, ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಮಾಡಿಸಬೇಕಾಗಿದೆ. ಇದರಿಂದ 'ಮೂರು ವರ್ಷ ಎಲ್ಲಕ್ಕೂ ವಿಮೆ ಇದೆ' ಎಂಬ ಭ್ರಮೆ ಹಲವರಲ್ಲಿದೆ. ಮನೆಗೆ ಹೋದೊಡನೆ ಪಾಲಿಸಿಯನ್ನು ತೆರೆದು ಸ್ವಂತ ಹಾನಿಯ ವಿಮೆಯ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಬೇರೆಯಾಗಿ ನೋಡಿರಿ.

ವಿಮೆ ಧರ್ಮಸಮ್ಮತವೇ ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದಾರೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ ಪರಸ್ಪರ ಸಹಕಾರದ ವಿಮೆಯನ್ನು ಸಮ್ಮತವೆಂದೂ ತೀರ್ಮಾನಿಸಿತು. ಕಾನೂನು ಕಡ್ಡಾಯಗೊಳಿಸಿರುವ ವಿಮೆಯನ್ನು ಅನಿವಾರ್ಯತೆಯ ನೆಲೆಯಲ್ಲಿ ಮಾಡಿಸಬಹುದೆಂದು ವಿದ್ವಾಂಸರು ಹೇಳುತ್ತಾರೆ. ಸ್ವಂತ ಹಾನಿಯ ವಿಮೆಯ ಬಗ್ಗೆ ತಮ್ಮ ಊರಿನ ಆಲಿಮರಲ್ಲಿ ವಿಚಾರಿಸಿಕೊಳ್ಳಿರಿ. ಆದರೆ ಆ ಚರ್ಚೆಯ ನೆರಳಿನಲ್ಲಿ ಕಡ್ಡಾಯ ವಿಮೆಯನ್ನೂ ಮಾಡಿಸದೆ ರಸ್ತೆಗಿಳಿಯುವವನು ಬಡವನ ಹಕ್ಕನ್ನು ಅಪಾಯಕ್ಕೆ ಒಡ್ಡುತ್ತಾನೆ. ಅದಕ್ಕೆ ಧರ್ಮದ ಸಮರ್ಥನೆ ಇಲ್ಲ.

ಮಾರ್ಪಾಡುಗಳಲ್ಲಿ ಮೂರು ತೆರ

ಮೊದಲನೆಯದು, ಅಲಂಕಾರ. ಸೀಟಿನ ಕವರ್, ಮ್ಯೂಸಿಕ್ ಸಿಸ್ಟಮ್ ಮುಂತಾದವು. ಇವು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧವಲ್ಲ. ಆದರೆ ಲೆಕ್ಕವನ್ನು ಗಮನಿಸಿರಿ. ಸ್ವಂತ ಹಾನಿಯ ವಿಮೆಯಲ್ಲಿ ವಾಹನದ ಬೆಲೆಯನ್ನು ತಯಾರಕರ ಪಟ್ಟಿಯ ದರದಿಂದ ಸವಕಳಿ ಕಳೆದು ನಿಗದಿಪಡಿಸುತ್ತಾರೆ. ಎರಡು ವರ್ಷ ದಾಟಿ ಮೂರು ತುಂಬದ ಕಾರಿಗೆ ಸವಕಳಿ ಶೇ. 30. ಎಂಟು ಲಕ್ಷದ ಕಾರಿನ ಬೆಲೆ ಆಗ 5 ಲಕ್ಷ 60 ಸಾವಿರ. ತಾವು ಅದರ ಮೇಲೆ ಒಂದೂವರೆ ಲಕ್ಷ ಸುರಿದು ಚಕ್ರ, ಸ್ಪೀಕರ್ ಹಾಕಿಸಿ ಅದನ್ನು ತಿಳಿಸದಿದ್ದರೆ, ಕಾರು ಪೂರ್ಣ ನಾಶವಾದಾಗ ಆ ಒಂದೂವರೆ ಲಕ್ಷ ಲೆಕ್ಕಕ್ಕೆ ಬರುವುದಿಲ್ಲ. ರಶೀದಿ ಕೊಟ್ಟು, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಿದರೆ ಮಾತ್ರ ಅವುಗಳಿಗೂ ರಕ್ಷಣೆ.

ಎರಡನೆಯದು, ಅನುಮತಿ ಪಡೆದು ಮಾಡಬಹುದಾದ ಬದಲಾವಣೆ. ಸಿ.ಎನ್.ಜಿ., ಎಲ್.ಪಿ.ಜಿ. ಕಿಟ್ ಇದಕ್ಕೆ ಉದಾಹರಣೆ. ಮಾನ್ಯತೆ ಪಡೆದ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲೇ ಅಳವಡಿಸಬೇಕು. ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ಪುಸ್ತಕದ ಇಂಧನದ ವಿವರ ಬದಲಾಗಬೇಕು. ಆ ಬಳಿಕ ವಿಮಾ ಕಂಪೆನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಇನ್ನು ಅಡುಗೆಮನೆಯ ಸಿಲಿಂಡರಿನಿಂದ ವ್ಯಾನ್ ಓಡಿಸಿ, ಅದರಲ್ಲೇ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವವರಿದ್ದಾರೆ. ಅವರಿಗೆ ವಿಮೆಯ ಮಾತು ಹೇಳುವುದಕ್ಕಿಂತ ಮೊದಲು ಆ ಮಕ್ಕಳ ತಾಯಂದಿರಿಗೆ ಹೇಳುತ್ತೇನೆ: ಅಂಥ ವಾಹನಕ್ಕೆ ಮಕ್ಕಳನ್ನು ಹತ್ತಿಸಬೇಡಿರಿ.

ಮೂರನೆಯದು, ವೇಗ ಮತ್ತು ಶಕ್ತಿಗಾಗಿ ಮಾಡುವ ಬದಲಾವಣೆ. ಇಂದಿನ ಕಾರಿನಲ್ಲಿ ಇಂಜಿನಿಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ ಹೋಗಬೇಕೆಂದು ತೀರ್ಮಾನಿಸುವ ಕಂಪ್ಯೂಟರ್ ಇರುತ್ತದೆ. ಅದರ ಲೆಕ್ಕವನ್ನೇ ತಿದ್ದುವುದಕ್ಕೆ 'ರೀಮ್ಯಾಪಿಂಗ್' ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಆದರೆ ತಯಾರಕನು ಬ್ರೇಕು, ಟೈರು, ಗೇರುಗಳನ್ನು ಮೊದಲಿನ ಶಕ್ತಿಗೆ ಹೊಂದಿಸಿರುತ್ತಾನೆ. ವೇಗ 60 ಕಿ.ಮೀ.ಯಿಂದ 90ಕ್ಕೆ ಏರಿದರೆ, ಅಂದರೆ ಒಂದೂವರೆ ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ವಾಹನ ನಿಲ್ಲಲು ಬೇಕಾದ ದೂರ ಎರಡೂಕಾಲು ಪಟ್ಟಾಗುತ್ತದೆ. ಕುಷ್ಟಗಿಯ ಹೆದ್ದಾರಿಯಲ್ಲಿ ಮೋಜೆನಿಸುವ ಶಕ್ತಿ, ದನಕರು ಮತ್ತು ಜನರು ಜೊತೆಯಾಗಿ ನಡೆಯುವ ಆನೆಗೊಂದಿಯ ಬೀದಿಯಲ್ಲಿ ಮರಣವಾಗುತ್ತದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳಕೊಂಡರು. ಅವುಗಳಲ್ಲಿ ಶೇ. 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ.

ಕಾನೂನು ಏನನ್ನುತ್ತದೆ?

ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡಾ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಕಾರಿನ ಮುಂದೆ ಕಟ್ಟುವ ಕಬ್ಬಿಣದ ಗಾರ್ಡನ್ನೂ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಕಾನೂನುಬಾಹಿರವೆಂದು ಸಾರಿತು. ಅದು ಪಾದಚಾರಿಗೆ ಮಾರಕ. ಕಾರಿನೊಳಗಿನ ಏರ್‌ಬ್ಯಾಗ್ ಸಕಾಲದಲ್ಲಿ ತೆರೆಯದಂತೆಯೂ ಅದು ಮಾಡಬಲ್ಲದು. ಅಂಗವಿಕಲರು ತಮ್ಮ ಬಳಕೆಗಾಗಿ ಮಾಡಿಸುವ ಬದಲಾವಣೆಗೆ ಮಾತ್ರ ಕಾನೂನು ಉದಾರವಾಗಿದೆ. ಅದನ್ನು ಮಾಡಿಸಿದ ಬಳಿಕವೂ ಅನುಮೋದನೆ ಪಡೆಯಬಹುದು.

ವಿಮೆಯ ಕರಾರು ನಿಂತಿರುವುದೇ ಸಂಪೂರ್ಣ ಸತ್ಯದ ಮೇಲೆ. ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪಾಲಿಸಿ ಅಸಿಂಧುವೆಂದು ವಾದಿಸುವ ಅವಕಾಶವನ್ನು ಕಾಯ್ದೆಯ 150ನೇ ಸೆಕ್ಷನ್ ಕಂಪೆನಿಗೆ ಕೊಟ್ಟಿದೆ. ಸಂಘಟಿತ ರೇಸಿಗೆ ಬಳಸಿದ ವಾಹನಕ್ಕೂ ಅಂಥದ್ದೇ ವಿನಾಯಿತಿ ಇದೆ. ಶರತ್ತು ಉಲ್ಲಂಘನೆಯಾದ ಅನೇಕ ಪ್ರಕರಣಗಳಲ್ಲಿ ನ್ಯಾಯಾಲಯಗಳು, ಕಂಪೆನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಬಳಿಕ ಮಾಲಕನಿಂದ ವಸೂಲು ಮಾಡಲಿ ಎಂದು ಆದೇಶಿಸಿವೆ. ಅಂಥ ಆದೇಶ ಬಂದರೆ ಮಾಲಕನ ಮನೆ, ನಿವೇಶನ, ಹೆಂಡತಿಯ ಒಡವೆ ಎಲ್ಲವೂ ಆ ಸಾಲಕ್ಕೆ ಕರಗುವ ಭಯವಿದೆ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಕಂಪೆನಿಗೆ ತಿಳಿಸಿದ ಮಾತ್ರಕ್ಕೆ ಕಾನೂನುಬಾಹಿರ ಮಾರ್ಪಾಡು ಕಾನೂನುಬದ್ಧವಾಗುವುದಿಲ್ಲ. ಮೊದಲು ಆರ್.ಟಿ.ಓ., ನಂತರ ವಿಮೆ. ಜರ್ಮನಿಯಲ್ಲಿ ಮಾರ್ಪಾಡು ಮಾಡಿದ ಕಾರನ್ನು ತಜ್ಞ ಸಂಸ್ಥೆ ಪರೀಕ್ಷಿಸಿ ದಾಖಲೆಯಲ್ಲಿ ಬರೆಯುತ್ತದೆ. ಬ್ರಿಟನ್ನಿನಲ್ಲಿ ಅಂಥ ಕಾರುಗಳಿಗೆಂದೇ ಪ್ರತ್ಯೇಕ ವಿಮೆ ಮಾರುವವರಿದ್ದಾರೆ. ನಮ್ಮಲ್ಲಿ ಆ ವ್ಯವಸ್ಥೆ ಬೆಳೆದಿಲ್ಲ. ತಿಳಿಸಿದಾಗ ಕಂಪೆನಿ ಹೆಚ್ಚು ಪ್ರೀಮಿಯಂ ಕೇಳಬಹುದು, ನಿರಾಕರಿಸಲೂಬಹುದು. ನಿರಾಕರಿಸಿದರೆ ಮಾರ್ಪಾಡನ್ನು ಕೈಬಿಡುವುದೇ ಬುದ್ಧಿವಂತಿಕೆ.

ಕಂಪೆನಿಗಳೂ ಹೊಣೆಗಾರರು

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಬಡ ಮಾಲಕನ ತಲೆಗೆ ಕಟ್ಟಿದರೆ ನ್ಯಾಯವಾಗದು. ಪ್ರೀಮಿಯಂ ಪಡೆಯುವಾಗ ವಾಹನವನ್ನು ಕಣ್ಣೆತ್ತಿಯೂ ನೋಡದವರು, ಪರಿಹಾರ ಕೊಡುವಾಗ ಭೂತಗನ್ನಡಿ ಹಿಡಿದು ಬರುತ್ತಾರೆ. ಅರ್ಜಿಯ ಪ್ರಶ್ನೆಗಳು ನಮ್ಮ ಭಾಷೆಯಲ್ಲಿರುವುದು ಅಪರೂಪ. ಅಪಘಾತಕ್ಕೂ ಮಾರ್ಪಾಡಿಗೂ ಸಂಬಂಧವೇ ಇಲ್ಲದಿದ್ದರೂ ಪೂರ್ಣ ಪರಿಹಾರವನ್ನು ತಿರಸ್ಕರಿಸುವುದಿದೆ. ಹೀಗಾದಾಗ ಸುಮ್ಮನಿರಬೇಡಿರಿ. ಪಾಲಿಸಿಯ ಶರತ್ತು ಮುರಿದ ಪ್ರಕರಣದಲ್ಲೂ ಶೇ. 75ರಷ್ಟು ಪರಿಹಾರ ಕೊಡಬಹುದೆಂದು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಹೇಳಿದೆ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಗೂ ಕರೆ ಮಾಡಬಹುದು.

ರಾಶಿಯ ತಳ

ಗಂಗಾವತಿ ಭತ್ತದ ನಾಡು. ರಾಶಿಯ ಮೇಲೆ ಒಣ ಭತ್ತ, ತಳದಲ್ಲಿ ಹಸಿ ಭತ್ತ ಇಟ್ಟು ಮಾರುವವನನ್ನು ಇಲ್ಲಿಯ ವ್ಯಾಪಾರಿಗಳು ಏನೆಂದು ಕರೆಯುತ್ತಾರೆ ಎಂಬುದು ತಮಗೆ ಗೊತ್ತು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದುದೆಂದು ವ್ಯಾಪಾರಿ ಹೇಳಿದಾಗ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದ ಘಟನೆ ನಮ್ಮ ಮಕ್ಕಳಿಗೂ ತಿಳಿದಿದೆ. ಧಾನ್ಯ ನೆನೆದದ್ದು ತಪ್ಪಾಗಿರಲಿಲ್ಲ, ಅದನ್ನು ಅಡಗಿಸಿದ್ದು ತಪ್ಪಾಗಿತ್ತು. ವಿಮೆಯ ಅರ್ಜಿಯಲ್ಲಿ ಬರೆಯುವ 'ಇಲ್ಲ' ಎಂಬ ಸುಳ್ಳೂ ಆ ಒದ್ದೆ ಧಾನ್ಯದಂತೆಯೇ. ಹಳೆಯ ಕಾರನ್ನು ಮಾರುವವರು ಮಾಡಿಸಿದ ಬದಲಾವಣೆಗಳನ್ನು ಕಾಗದದಲ್ಲಿ ಬರೆದುಕೊಡಲಿ. ಕೊಳ್ಳುವವರು ಆರ್.ಸಿ.ಯೊಂದಿಗೆ ಕಾರನ್ನು ಹೋಲಿಸಿ ನೋಡಲಿ, ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಲಿ, 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಲಿ. ಏಜೆಂಟರು ತುಂಬಿದ ಅರ್ಜಿಯನ್ನು ಓದಿಸಿ ಕೇಳದೆ ಸಹಿ ಹಾಕಬೇಡಿರಿ. ಏಜೆಂಟರು ನಾಳೆ ಬೇರೆ ಕಂಪೆನಿಗೆ ಹೋಗಬಹುದು. ಕಾಗದದಲ್ಲಿ ಉಳಿಯುವುದು ತಮ್ಮ ಸಹಿ.

ತಂದೆ ತಾಯಂದಿರಲ್ಲಿ ಒಂದು ಮಾತು. ಮಗ ಕಾರಿಗೆ ಒಂದು ಲಕ್ಷ ಸುರಿಯುವಾಗ ಅದು ಅವನ ದುಡಿಮೆಯ ಹಣವೆಂದು ಸುಮ್ಮನಾಗಬೇಡಿರಿ. ಆ ಕಾರಿನ ಮುಂದೆ ನಡೆದು ಹೋಗುವವರು ಕೂಡಾ ಯಾರದೋ ಮಕ್ಕಳು, ಯಾರದೋ ತಾಯಂದಿರು. ನಾನು ಹೇಳಿದ ಆ ಮಹಿಳೆ ಇಂದಿಗೂ ಕುಂಟುತ್ತಾ ಗದ್ದೆಗೆ ಹೋಗುತ್ತಾರೆ. ನನ್ನ ಸೋದರಮಾವನ ಮಗ ಅವರನ್ನು ಕಂಡಾಗಲೆಲ್ಲ ಬೈಕನ್ನು ನಿಲ್ಲಿಸಿ, ಅವರು ದಾಟಿ ಹೋಗುವ ತನಕ ಕಾಯುತ್ತಾನೆ. ಆ ತಾಳ್ಮೆಯನ್ನು ಅಪಘಾತಕ್ಕಿಂತ ಮೊದಲೇ ಕಲಿಯುವ ಭಾಗ್ಯ ನಮ್ಮ ಯುವಕರಿಗೆ ದೊರೆಯಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.