ಹಿಗ್ಗುವ ಅಕ್ಷರ

ಕಣ್ಣು ಮಂಜಾಯಿತೆಂದು ಓದನ್ನೇ ಬಿಟ್ಟ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಕಾದಂಬರಿಯೇನೋ ಕೈಯಲ್ಲಿರುತ್ತದೆ, ಅಕ್ಷರ ಮಾತ್ರ ಇರುವೆ ಸಾಲಿನಂತೆ ಹರಿದುಹೋಗುತ್ತದೆ. ಅಂಥವರ ಕೈಗೆ ಇ-ರೀಡರ್ ಕೊಟ್ಟು, ಅಕ್ಷರ ಹಿಗ್ಗಿಸಿ ತೋರಿಸಿ. ಹೊಸ ಪುಸ್ತಕದ ವಾಸನೆಯ ಬಗ್ಗೆ ನಾವಾಡುವ ಮಾತೆಲ್ಲ ಅವರೆದುರು ತುಸು ಹಗುರವೆನಿಸುತ್ತದೆ.

ಇ-ರೀಡರ್‌ನ ಪರದೆ ಮೊಬೈಲ್ ಪರದೆಯಂಥದ್ದಲ್ಲ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು, ಬಿಳಿ ಕಣಗಳಿವೆ. ವಿದ್ಯುತ್ ಹಾಯಿಸಿದಾಗ ಒಂದು ಬಣ್ಣ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಮೂಡಿದ ಅಕ್ಷರವನ್ನು ಹಿಡಿದಿಡಲು ಮತ್ತೆ ವಿದ್ಯುತ್ ಬೇಡ. ಬಿಸಿಲಲ್ಲಿ ಕೂತೂ ಓದಬಹುದು.

ಆದರೆ ಕನ್ನಡದ ಪಾಡು ಬೇರೆ. ಅಂತರ್ಜಾಲದಲ್ಲಿ ಸಿಗುವ ನಮ್ಮ ಹಳೆಯ ಪುಸ್ತಕಗಳಲ್ಲಿ ಎಷ್ಟೋ ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಆರಿಂಚಿನ ಪರದೆಯಲ್ಲಿ ಹಿಗ್ಗಿಸಿದರೆ ಸಾಲು ಅಂಚು ದಾಟುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಮಸಿಯ ಚುಕ್ಕೆಯಾಗುತ್ತದೆ. ಅವನ್ನು ಯೂನಿಕೋಡ್ ಪಠ್ಯವಾಗಿಸಿ, ಪುಟಪುಟವೂ ಕರಡು ತಿದ್ದಬೇಕು. ಕನ್ನಡ ವಿಕಿಸೋರ್ಸ್ ಎಂಬ ಅಂತರ್ಜಾಲ ಪುಸ್ತಕ ಭಂಡಾರದಲ್ಲಿ ಕೆಲವರು ಕಾಸು ಪಡೆಯದೆ ಆ ಕೆಲಸ ಮಾಡುತ್ತಿದ್ದಾರೆ. ಪುಸ್ತಕ ಬಿಡುಗಡೆಯ ಹಾರ ತುರಾಯಿಗಳಲ್ಲಿ ಒಂದಿಷ್ಟು ಅವರಿಗೂ ಸಲ್ಲಬೇಕು.

ಇನ್ನೊಂದು ಸಂಗತಿ. 2009ರಲ್ಲಿ ಅಮೆಜಾನ್, ಹಕ್ಕುಸ್ವಾಮ್ಯದ ತಕರಾರೆಂದು, ಓದುಗರು ಕೊಂಡಿದ್ದ ಪುಸ್ತಕವನ್ನು ಅವರ ಕಿಂಡಲ್ ಇ-ರೀಡರ್‌ಗಳಿಂದ ದೂರದಿಂದಲೇ ಅಳಿಸಿತು. ಆ ಪುಸ್ತಕ ಜಾರ್ಜ್ ಆರ್ವೆಲ್ ಬರೆದ '1984', ಸರ್ಕಾರವೇ ಹಳೆಯ ದಾಖಲೆಗಳನ್ನು ಅಳಿಸುವ ಕಥೆ! ಹಣ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಕಾಗದದ ಪುಸ್ತಕವಾಗಿದ್ದರೆ ಅವರು ಮನೆ ಬಾಗಿಲು ತಟ್ಟಬೇಕಿತ್ತು. ಹಾಗಾಗಿ ಪ್ರಯಾಣಕ್ಕೆ, ರಾತ್ರಿಯ ಓದಿಗೆ ನಾನು ಇ-ರೀಡರ್ ಹಿಡಿಯುತ್ತೇನೆ. ಮಕ್ಕಳಿಗೆ ಬಿಟ್ಟುಹೋಗಬೇಕಾದದ್ದನ್ನು ಕಾಗದದಲ್ಲೇ ಕೊಳ್ಳುತ್ತೇನೆ.