ರಜೆಗೆ ಬರುವುದು ಬೇರೆ, ಮರಳಿ ಬರುವುದು ಬೇರೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಭೆಗಳಲ್ಲಿ ನಾವು ಹೊರದೇಶಕ್ಕೆ ಹೋಗುವವರಿಗೆ ಬೇಕಾದ ಮಾತುಗಳನ್ನೇ ಹೆಚ್ಚಾಗಿ ಆಡುತ್ತೇವೆ. ಯಾವ ಕೋರ್ಸು ಕಲಿತರೆ ಯಾವ ಕೆಲಸ ಸಿಗುತ್ತದೆ, ವೀಸಾ ಪಡೆಯುವುದು ಹೇಗೆ ಎಂದು ವಿವರಿಸುತ್ತೇವೆ. ಹೋದವರು ಒಂದು ದಿನ ಗಂಟು ಮೂಟೆ ಕಟ್ಟಿಕೊಂಡು ಹಿಂದೆ ಬರುತ್ತಾರೆ. ಆಗ ಮನೆಯೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಇಂದು ಆ ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಕೊಲ್ಲಿ ರಾಷ್ಟ್ರಗಳಿಗೆ ಹೋದ ಸಾಮಾನ್ಯ ನೌಕರನಿಗೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಕೆಲಸ ಇರುವವರೆಗೆ ವಾಸ, ಕೆಲಸ ಮುಗಿದರೆ ಪ್ರಯಾಣ. ಹಾಗಾಗಿ ನಮ್ಮ ಕರಾವಳಿಯಿಂದ ಹೋದವರಲ್ಲಿ ಹೆಚ್ಚಿನವರು ಮರಳಿ ಬರಲೇಬೇಕು. ಎಷ್ಟೋ ಸಲ ಮರಳುವ ದಿನ ಅವರ ಕೈಯಲ್ಲಿರುವುದಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಸೌದಿ ಅರೇಬಿಯಾದಲ್ಲಿ 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಲಾಯಿತು; 2020ರ ವೇಳೆಗೆ ಅದು 400 ರಿಯಾಲ್‌ಗೆ ಏರಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1,600 ರಿಯಾಲ್ ಆಯಿತು. ಅನೇಕರು ಕುಟುಂಬವನ್ನು ಊರಿಗೆ ಕಳುಹಿಸಿ ತಾವು ಒಂಟಿಯಾಗಿ ಉಳಿದರು. 2020ರಲ್ಲಿ ಕೊರೋನಾ ಬಂದಾಗ ಕೆಲಸ ಕಳೆದುಕೊಂಡವರು ಸಿಕ್ಕಿದ ವಿಮಾನ ಹತ್ತಿ ಬಂದರು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ ಎಂದಿಟ್ಟುಕೊಳ್ಳಿ. 20 ವರ್ಷ ದುಡಿದವನಿಗೆ ಹತ್ತು ರಜೆ, ಅಂದರೆ 20 ತಿಂಗಳು. 20 ವರ್ಷದ ದಾಂಪತ್ಯದಲ್ಲಿ ಗಂಡ ಹೆಂಡತಿ ಒಂದೇ ಮಾಡಿನಡಿ ಇದ್ದದ್ದು ಎರಡು ವರ್ಷವೂ ಇಲ್ಲ! ಆ 20 ತಿಂಗಳೂ ಪೆಟ್ಟಿಗೆ ಬಿಚ್ಚುವ, ನೆಂಟರ ಮನೆಗೆ ಹೋಗುವ, ಮದುವೆ ಊಟ ಮಾಡುವ ತಿಂಗಳುಗಳು. ರಜೆಗೆ ಬಂದವನು ಮನೆಯ ಯಜಮಾನನೂ ಹೌದು, ಮನೆಯ ಅತಿಥಿಯೂ ಹೌದು. ಯಾರೂ ಅವನೊಂದಿಗೆ ಜಗಳವಾಡುವುದಿಲ್ಲ, ಅವನೂ ಆಡುವುದಿಲ್ಲ. ಮೊದಲು ಪತ್ರ ಮತ್ತು ಧ್ವನಿ ತುಂಬಿದ ಕ್ಯಾಸೆಟ್ಟುಗಳಿದ್ದವು, ಈಗ ದಿನವೂ ವಿಡಿಯೋ ಕರೆ ಇದೆ. ಆದರೆ ಕರೆಯಲ್ಲಿಯೂ ನಾವು ತೋರಿಸುವುದು ನಗುವ ಮುಖವನ್ನೇ.

ಆಲ್ಫ್ರೆಡ್ ಶುಟ್ಸ್ ಎಂಬ ಸಮಾಜಶಾಸ್ತ್ರಜ್ಞ ವಿಯೆನ್ನಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಯುದ್ಧದಿಂದ ಮನೆಗೆ ಮರಳುವ ಸೈನಿಕರನ್ನು ಗಮನದಲ್ಲಿಟ್ಟು 1945ರಲ್ಲಿ ಅವರು ಒಂದು ಲೇಖನ ಬರೆದರು. ಹೊಸ ಊರಿಗೆ ಹೋಗುವವನಿಗೆ ಅಲ್ಲಿ ಎಲ್ಲವೂ ಹೊಸತು ಎಂದು ಗೊತ್ತಿರುತ್ತದೆ, ಅವನು ಕಲಿಯಲು ಸಿದ್ಧನಾಗಿಯೇ ಹೋಗುತ್ತಾನೆ. ಮನೆಗೆ ಮರಳುವವನು ಹಾಗಲ್ಲ; ಬಿಟ್ಟುಹೋದದ್ದು ಹಾಗೆಯೇ ಇದೆ ಎಂದು ನಂಬಿ ಬರುತ್ತಾನೆ. ಅಷ್ಟರಲ್ಲಿ ಮನೆಯೂ ಬದಲಾಗಿರುತ್ತದೆ, ಅವನೂ ಬದಲಾಗಿರುತ್ತಾನೆ. ಇದು ಆ ಲೇಖನದ ಮುಖ್ಯ ವಿಚಾರ. ನಮ್ಮ ಮನೆಗಳಿಗೂ ಇದು ಅಷ್ಟೇ ಸತ್ಯ.

ಏಕೆಂದರೆ ಇಷ್ಟು ವರ್ಷ ಮನೆ ನಡೆಸಿದವಳು ಹೆಂಡತಿ. ಕರೆಂಟು ಬಿಲ್ಲು, ಶಾಲೆಯ ಪೋಷಕರ ಸಭೆ, ಅತ್ತೆ ಮಾವಂದಿರ ಆಸ್ಪತ್ರೆ, ಮನೆ ಕಟ್ಟುವ ಮೇಸ್ತ್ರಿಯೊಂದಿಗೆ ಚರ್ಚೆ, ಮಗಳ ಸಂಬಂಧದ ಮಾತುಕತೆ ಎಲ್ಲವನ್ನೂ ಅವಳು ಕಲಿತಳು. ಲೀಲಾ ಗುಲಾಟಿಯವರು ಕೊಲ್ಲಿಗೆ ಹೋದ ಗಂಡಸರ ಕೇರಳದ ಮನೆಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬ್ಯಾಂಕಿನ ಬಾಗಿಲು ತುಳಿಯದಿದ್ದ ಹೆಣ್ಣುಮಕ್ಕಳು ಹೀಗೆ ವ್ಯವಹಾರ ಕಲಿತದ್ದನ್ನು ಕಾಣಬಹುದು.

ಇನ್ನು ಮರಳಿ ಬಂದವನ ಕಡೆಯಿಂದ ನೋಡಿ. ಒಂದೇ ಕೋಣೆಯಲ್ಲಿ ಆರೆಂಟು ಜನರೊಂದಿಗೆ, ಪಾಳಿಯಲ್ಲಿ ಅಡುಗೆ ಮಾಡಿಕೊಂಡು ಬದುಕಿದವನು. ಬೆಳಿಗ್ಗೆ ಕಂಪೆನಿಯ ಬಸ್ಸು ಹತ್ತಿದರೆ ಸಂಜೆಯವರೆಗೆ ಪುರುಸೊತ್ತಿರಲಿಲ್ಲ. ಊರಿನಲ್ಲಿ ಮಧ್ಯಾಹ್ನ ಹನ್ನೊಂದು ಗಂಟೆಗೆ ಏನು ಮಾಡುವುದೆಂದು ಅವನಿಗೆ ತಿಳಿಯುವುದಿಲ್ಲ. ಸಂಬಳ ನಿಂತಿದೆ, ಸಾಲ ಕೇಳುವವರು ನಿಂತಿಲ್ಲ. ಮೂರನೇ ತಿಂಗಳಿನಲ್ಲಿ ಫ್ಯಾನು ಯಾಕೆ ತಿರುಗುತ್ತಿದೆ, ಮಗನ ಕೈಯಲ್ಲಿ ಮೊಬೈಲು ಯಾಕಿದೆ ಎಂದು ತಪ್ಪು ಹುಡುಕತೊಡಗುತ್ತಾನೆ. ಅವನೊಂದು ಮಾತು ಹೇಳಿದರೆ ಮಕ್ಕಳು ತಾಯಿಯ ಮುಖ ನೋಡುತ್ತಾರೆ. ಅದನ್ನು ಅವನು ಅಗೌರವವೆಂದು ತಿಳಿಯುತ್ತಾನೆ. ಅದು ಅಗೌರವವಲ್ಲ, ಇಷ್ಟು ವರ್ಷದ ರೂಢಿ. ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಮಾತು ನಿಂತು ಹೋಗಿದೆ.

ಆದ್ದರಿಂದ ಮರಳಿ ಬಂದ ಸಹೋದರರಲ್ಲಿ ನನ್ನ ಮೊದಲ ವಿನಂತಿ: ಬಂದ ಕೂಡಲೇ ಅಧಿಕಾರ ಕೇಳಬೇಡಿ, ಕೆಲಸ ಕೇಳಿ. ಮೀನು ಮಾರ್ಕೆಟ್ಟಿಗೆ ಹೋಗುವುದು, ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು, ಸಣ್ಣ ಮಗುವನ್ನು ಶಾಲೆಗೆ ಬಿಡುವುದು, ಇವು ಸಣ್ಣ ಕೆಲಸಗಳಲ್ಲ. ಅಲ್ಲಿ ಅಡುಗೆ ಮಾಡುತ್ತಿದ್ದ ಕೈ ಇಲ್ಲಿ ಒಂದು ದಿನ ಮಾಡಿದರೆ ಗೌರವ ಕಡಿಮೆಯಾಗದು.

ಎರಡನೆಯದು, ಹಣದ ನಿಜಸ್ಥಿತಿಯನ್ನು ಹೆಂಡತಿಗೂ ಬೆಳೆದ ಮಕ್ಕಳಿಗೂ ತಿಳಿಸಿ. ಕೈಯಲ್ಲಿ ಎಷ್ಟಿದೆ, ಎಷ್ಟು ಕಾಲ ಸಾಕು ಎಂದು ಗೊತ್ತಿಲ್ಲದ ಮನೆ ಹಳೆಯ ಹಾಗೆಯೇ ಖರ್ಚು ಮಾಡುತ್ತದೆ. ಶಾಶ್ವತವಾಗಿ ಮರಳಿದವರು ತಮ್ಮ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಆ ದಿನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಾಮಿನಿಯ ಹೆಸರು ಸರಿಯಿದೆಯೇ ನೋಡಿ. ಇಬ್ಬರೂ ಕೂಡಿ ಲೆಕ್ಕ ನೋಡಿದ ದಿನದಿಂದ ಮನೆ ಇಬ್ಬರದೂ ಆಗುತ್ತದೆ.

ತಾಯಂದಿರೇ, ನಿಮಗೂ ಒಂದು ಮಾತು. 'ನೀವಿಲ್ಲದಾಗಲೇ ನೆಮ್ಮದಿಯಿತ್ತು' ಎಂದು ಸಿಟ್ಟಿನಲ್ಲಿ ಆಡಿದ ಮಾತು ದುಡಿದು ಬಂದವನ ಎದೆಯಲ್ಲಿ ಉಳಿದುಬಿಡುತ್ತದೆ. ನೀವು ಕಲಿತದ್ದನ್ನು ಬಿಟ್ಟುಕೊಡಬೇಡಿ, ಆದರೆ ಅವರಿಗೂ ಕಲಿಸಿಕೊಡಿ. ಯಾವ ಅಂಗಡಿ, ಯಾವ ಡಾಕ್ಟರು, ಯಾವ ಮಗುವಿಗೆ ಯಾವ ಭಯ, ಇದೆಲ್ಲ ಅವರಿಗೆ ತಿಳಿದಿಲ್ಲ.

ವಿದ್ಯಾರ್ಥಿ ಮಿತ್ರರೇ, ತಂದೆ ಕಳುಹಿಸಿದ ಫೀಸಿನಲ್ಲಿ ಓದಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಅವರ ಕಂಪೆನಿಯ ಹೆಸರು ನಿಮಗೆ ಗೊತ್ತಿರಬಹುದು. ಅವರ ಕೋಣೆಯಲ್ಲಿ ಯಾರಿದ್ದರು, ಮೊದಲ ಸಂಬಳ ಎಷ್ಟಿತ್ತು, ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು ಯಾರು ಎಂದು ಕೇಳಿದ್ದೀರಾ? ಕೇಳಿ. ಅವರಾಗಿಯೇ ಹೇಳುವುದಿಲ್ಲ. ತಂದೆಯವರೂ ಅಷ್ಟೇ, ಮಕ್ಕಳೊಂದಿಗಿನ ಮಾತನ್ನು ಮಾರ್ಕಿನಿಂದ ಆರಂಭಿಸಬಾರದು.

ನಮ್ಮ ಸಂಘಕ್ಕೂ ಇಲ್ಲಿ ಕೆಲಸವಿದೆ. ಜುಬೈಲ್, ದಮ್ಮಾಮ್‌ಗಳಲ್ಲಿ ಓದಿ ಬಂದ ಮಕ್ಕಳಲ್ಲಿ ಕನ್ನಡ ಓದಲು ಬರೆಯಲು ತಡವರಿಸುವವರಿದ್ದಾರೆ. ಅವರಿಗೆ ರಜಾದಿನಗಳಲ್ಲಿ ಕನ್ನಡ ತರಗತಿ ನಡೆಸೋಣ. ಹದಿನೈದು ಇಪ್ಪತ್ತು ವರ್ಷ ಎಸಿ ರಿಪೇರಿ, ವೆಲ್ಡಿಂಗ್, ಲೆಕ್ಕಪತ್ರ, ಸ್ಟೋರ್ ನಿರ್ವಹಣೆ ಮಾಡಿ ಬಂದವರು ಊರಿನಲ್ಲಿ ಸುಮ್ಮನೆ ಕುಳಿತಿದ್ದಾರೆ. ಅವರನ್ನು ಕರೆದು ನಮ್ಮ ಹುಡುಗರಿಗೆ ಕೆಲಸ ಕಲಿಸಲು ಹೇಳೋಣ. ದೇಣಿಗೆಯ ರಸೀದಿ ಪುಸ್ತಕ ಹಿಡಿದು ಅವರ ಮನೆಗೆ ಹೋಗುತ್ತಿದ್ದ ನಾವು ಇನ್ನು ಅವರ ಅನುಭವ ಕೇಳಲು ಹೋಗೋಣ.

ಇದಕ್ಕೆ ಸಮಯ ಬೇಕು. ಅಲ್ಲಿಗೆ ಹೋದ ಮೊದಲ ವರ್ಷ ಭಾಷೆ, ಬಿಸಿಲು, ಊಟ ಎಲ್ಲಕ್ಕೂ ಹೊಂದಿಕೊಳ್ಳಲು ಎಷ್ಟು ತಾಳ್ಮೆ ಬೇಕಾಯಿತೋ ಅಷ್ಟು ತಾಳ್ಮೆಯನ್ನು ಸ್ವಂತ ಮನೆಗೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.